ಕೈಗೆ ತಡವಾಗಿ ಒಗ್ಗುವ ಆಟಗಳು

ಓದುಗರ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಎಲ್ಲರೂ ಹೊಗಳಿದ ಗೇಮು, ನಾಲ್ಕೈದು ಸಾವಿರ ರೂಪಾಯಿ ಕೊಟ್ಟು ಕೊಂಡದ್ದು, ಒಂದು ಸಂಜೆ ಕೂತು ಆಡಿದರೆ ಚೂರೂ ಹಿಡಿಸಲಿಲ್ಲ. ಮುಂದುವರಿಸಬೇಕೋ, ಅಲ್ಲಿಗೇ ಬಿಡಬೇಕೋ? ಕೆಲವರು ಇನ್ನೂ ನೇರವಾಗಿ ಕೇಳುತ್ತಾರೆ: ಎಷ್ಟು ಗಂಟೆ ಕಾದು ನೋಡಬೇಕು? ಗಂಟೆಯ ಲೆಕ್ಕದಲ್ಲಿ ಇದಕ್ಕೆ ಉತ್ತರ ಸಿಗಲಾರದು. ನನಗೆ ತುಂಬ ಪ್ರಿಯವಾದ ಆಟಗಳಲ್ಲಿ ಹೆಚ್ಚಿನವು ಮೊದಲ ಸಂಜೆ ನನ್ನನ್ನು ಹೊರಗೆ ನಿಲ್ಲಿಸಿದವೇ. ಅವು ಹಾಗೇಕೆ ಮಾಡಿದವು, ಮುಂದೆ ಹೇಗೆ ಒಳಗೆ ಬಿಟ್ಟುಕೊಂಡವು ಎಂಬುದನ್ನು ಬಿಡಿಸಿ ನೋಡಿದರೆ ಪತ್ರ ಬರೆದವರಿಗೆ ಗಂಟೆಯ ಲೆಕ್ಕಕ್ಕಿಂತ ಹೆಚ್ಚು ಉಪಯೋಗವಾದೀತು.

ಶುಹೆಯಿ ಯೊಶಿದಾ ಅವರ ಪ್ರಸಂಗದಿಂದ ಶುರು ಮಾಡುತ್ತೇನೆ. 2008ರಿಂದ ಸೋನಿಯ ಗೇಮ್ ಸ್ಟುಡಿಯೊಗಳೆಲ್ಲದರ ಮುಖ್ಯಸ್ಥರಾಗಿದ್ದವರು ಅವರು. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ ತಯಾರಿಸುತ್ತಿದ್ದ ‘ಡೀಮನ್ಸ್ ಸೋಲ್ಸ್’ ಮುಗಿಯುವ ಹಂತಕ್ಕೆ ಬಂದಾಗ ಅದನ್ನು ಆಡಿ ನೋಡಿದರು. ಎರಡು ಗಂಟೆ ಕಳೆಯುತ್ತ ಬಂದರೂ ಆರಂಭದ ಜಾಗ ದಾಟಲಾಗಲಿಲ್ಲ. ಇಷ್ಟು ಕೆಟ್ಟ ಆಟವೂ ಉಂಟೇ ಎಂದುಕೊಂಡು ಪಕ್ಕಕ್ಕಿಟ್ಟರಂತೆ. ಮುಂದೆ ಸಂದರ್ಶನವೊಂದರಲ್ಲಿ ಅವರೇ ಇದನ್ನು ಬಿಚ್ಚಿ ಹೇಳಿದ್ದಾರೆ. 2009ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಆ ಆಟವನ್ನು ಸೋನಿ ಅಮೆರಿಕಕ್ಕೆ ಒಯ್ಯಲಿಲ್ಲ. ಅಲ್ಲಿ ಅದನ್ನು ಹೊರತಂದದ್ದು ಆಟ್ಲಸ್ ಎಂಬ ಇನ್ನೊಂದು ಸಂಸ್ಥೆ. ಆಡಿದವರು ಆಡದವರಿಗೆ ಹೇಳಿ, ಬಾಯಿಂದ ಬಾಯಿಗೆ ಹೆಸರು ಹಬ್ಬಿತು. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ, ಹೊಸ ಕನ್ಸೋಲಿನ ಜೊತೆಗೇ ಸೋನಿ ತನ್ನದೇ ಹೆಸರಿನಲ್ಲಿ ಮಾರಿದ ಆಟಗಳಲ್ಲಿ ಒಂದು, ಹೊಸದಾಗಿ ಕಟ್ಟಿಸಿದ ‘ಡೀಮನ್ಸ್ ಸೋಲ್ಸ್’. ಗೇಮುಗಳನ್ನು ತೂಗಿ ನೋಡುವುದೇ ಕಸುಬಾದವರಿಗೂ ಎರಡು ಗಂಟೆಯಲ್ಲಿ ಆ ಆಟ ಕಾಣಿಸಲಿಲ್ಲ. ಯೊಶಿದಾ ಅವರ ಕಣ್ಣು ಸೂಕ್ಷ್ಮವೇ. ಆದರೆ ಆ ಆಟ ಕಣ್ಣಿಗೆ ಕಾಣುವ ಜಾಗದಲ್ಲಿ ಇರಲಿಲ್ಲ.

ಸಿನಿಮಾ ಹಿಡಿಸಲಿ ಬಿಡಲಿ, ಕುರ್ಚಿಯಲ್ಲಿ ಕೂತವರ ಮುಂದೆ ಪೂರ್ತಿ ಓಡುತ್ತದೆ. ಕಾದಂಬರಿ ಬೇಸರ ತಂದರೂ ಪುಟ ತಿರುವಬಹುದು. ಗೇಮು ಹಾಗಲ್ಲ, ನಮಗೆ ಆಡಲು ಬಂದಷ್ಟೇ ಅದು ತೆರೆದುಕೊಳ್ಳುತ್ತದೆ. ಆಡುವುದೆಂದರೆ ಮೊದಲು ಬೆರಳುಗಳ ಕೆಲಸ. ಆ ಬೆರಳುಗಳೋ, ಹಿಂದೆ ಆಡಿದ ಆಟಗಳ ಅಭ್ಯಾಸವನ್ನು ಹೊತ್ತುಕೊಂಡೇ ಹೊಸದರ ಮುಂದೆ ಕೂರುತ್ತವೆ. ಮೊದಲ ಗಂಟೆಯಲ್ಲಿ ನಮಗಾಗುವ ಕಿರಿಕಿರಿಯಲ್ಲಿ ಆಟದ ದೋಷ ಎಷ್ಟು, ಹಳೆಯ ರೂಢಿಯ ಹಟ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ನಮ್ಮ ಕಡೆಯವರ ರೂಢಿ ಬೆಳೆದ ಬಗೆಯೂ ಇಲ್ಲಿ ಮುಖ್ಯ. ನನ್ನ ವಯಸ್ಸಿನ ಬಹಳಷ್ಟು ಜನ ಗೇಮ್ ಕಲಿತದ್ದು ಸೈಬರ್ ಸೆಂಟರಿನಲ್ಲಿ, ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು. ‘ರೋಡ್ ರ‍್ಯಾಶ್’, ‘ವೈಸ್ ಸಿಟಿ’, ‘ಕೌಂಟರ್ ಸ್ಟ್ರೈಕ್’. ಕೂತ ತಕ್ಷಣ ಬೈಕು ಓಡಬೇಕು, ಗುಂಡು ಹಾರಬೇಕು. ಗಡಿಯಾರ ಓಡುತ್ತಿರುವಾಗ ನಿಧಾನವಾಗಿ ಮೇಲೇಳುವ ಆಟಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ‘ವೈಸ್ ಸಿಟಿ’ಯ ಕಥೆಯನ್ನು ಕೊನೆಮುಟ್ಟ ಆಡಿದವರಿಗಿಂತ ಪಕ್ಕದ ಕುರ್ಚಿಯವನಿಂದ ಚೀಟ್ ಕೋಡ್ ಕೇಳಿಕೊಂಡು ಟ್ಯಾಂಕು ತರಿಸಿದವರೇ ಹೆಚ್ಚು. ಅದರಲ್ಲಿ ತಪ್ಪೇನಿಲ್ಲ, ಅದರ ಖುಷಿಯೇ ಬೇರೆ. ಆದರೆ ಮೊದಲ ಹತ್ತು ನಿಮಿಷದಲ್ಲೇ ಆಟ ತನ್ನ ಬೆಲೆ ತೋರಿಸಬೇಕು ಎಂಬ ನಿರೀಕ್ಷೆ ಅಲ್ಲಿಯೇ ನಮ್ಮ ಬೆರಳಿಗಿಳಿಯಿತು. ಈಗ ಮನೆಯಲ್ಲೇ ಕಂಪ್ಯೂಟರು, ಕನ್ಸೋಲು ಇದ್ದರೂ ಅದು ಬಿಟ್ಟುಹೋಗಿಲ್ಲ.

ಅಂಥ ಕೈಗಳಿಗೆ 2011ರ ‘ಡಾರ್ಕ್ ಸೋಲ್ಸ್’ ಸಿಕ್ಕರೆ ಏನಾಗುತ್ತದೆ? ‘ಡೀಮನ್ಸ್ ಸೋಲ್ಸ್’ ಮಾಡಿದ ನಿರ್ದೇಶಕ ಹಿದೆತಾಕಾ ಮಿಯಾಝಾಕಿ ಅವರದೇ ಮುಂದಿನ ಆಟ ಅದು. ಶುರುವಿನಲ್ಲಿ ನೀವೊಂದು ಸೆರೆಮನೆಯಲ್ಲಿದ್ದೀರಿ. ಕೈಯಲ್ಲಿರುವುದು ಮುರಿದ ಕತ್ತಿಯ ಹಿಡಿ. ದೊಡ್ಡದೊಂದು ಹಜಾರಕ್ಕೆ ಕಾಲಿಟ್ಟರೆ ಮೇಲಿನಿಂದ ಆನೆಗಾತ್ರದ ರಾಕ್ಷಸ ಧೊಪ್ಪೆಂದು ಇಳಿಯುತ್ತಾನೆ. ಆಟವೆಂದರೆ ಹೊಡೆದು ಗೆಲ್ಲುವುದು ಎಂದುಕೊಂಡವರು ಮುರಿದ ಕತ್ತಿಯಿಂದಲೇ ಅವನ ಕಾಲು ಕುಟ್ಟುತ್ತ ಸಾಯುತ್ತಾರೆ. ಹಜಾರದ ಪಕ್ಕದಲ್ಲಿ ಒಂದು ಬಾಗಿಲು ತೆರೆದಿರುತ್ತದೆ. ಅದರೊಳಗೆ ಓಡಿಹೋದರೆ ಸಾಕು. ಮುಂದೆ ಸರಿಯಾದ ಆಯುಧ ಸಿಗುತ್ತದೆ, ಅದೇ ರಾಕ್ಷಸನ ತಲೆಯ ಮೇಲೆ ಎತ್ತರದಿಂದ ಧುಮುಕುವ ಅವಕಾಶವೂ ಸಿಗುತ್ತದೆ. ಸುತ್ತ ನೋಡು, ಓಡಿಹೋಗುವುದೂ ಒಂದು ದಾರಿಯೇ ಎಂದು ಆಟ ಕಲಿಸುವ ಮೊದಲ ಪಾಠ ಇದು. ಬಾಯಿಬಿಟ್ಟು ಹೇಳದೆ ಕಲಿಸುತ್ತದೆ, ಅದಕ್ಕೇ ಬಹಳ ಜನ ಇದನ್ನು ಪಾಠವೆಂದು ಗುರುತಿಸದೆ ಅನ್ಯಾಯವೆಂದು ಬಗೆಯುತ್ತಾರೆ.

ಸೆರೆಮನೆ ದಾಟಿದ ಮೇಲೆ ಫೈರ್‌ಲಿಂಕ್ ಶ್ರೈನ್ ಎಂಬ ಹಾಳುಗುಡಿಯಂಥ ಜಾಗ. ನಡುವೆ ಒಂದು ಬೆಂಕಿ, ಅದರ ಪಕ್ಕ ಸೋತು ಕೂತ ಒಬ್ಬ ಯೋಧ. ಮ್ಯಾಪ್ ಇಲ್ಲ, ಬಾಣದ ಗುರುತಿಲ್ಲ. ದಾರಿಗಳು ಮಾತ್ರ ಹಲವು. ಹೊಸಬರು ಸಾಮಾನ್ಯವಾಗಿ ಕಣ್ಣಿಗೆ ಬಿದ್ದ ಸ್ಮಶಾನದ ಕಡೆ ನಡೆಯುತ್ತಾರೆ. ಅಲ್ಲಿನ ಅಸ್ಥಿಪಂಜರಗಳು ಎರಡು ಏಟಿನಲ್ಲಿ ಮುಗಿಸುತ್ತವೆ. ಬೆಂಕಿಯ ಬಳಿ ಎಚ್ಚರವಾಗುತ್ತದೆ, ಮತ್ತೆ ಸ್ಮಶಾನ, ಮತ್ತೆ ಸಾವು, ಪರದೆಯ ಮೇಲೆ ಕೆಂಪಕ್ಷರ. ಈ ಆಟವನ್ನು ಬಿಟ್ಟ ಎಷ್ಟೋ ಸ್ನೇಹಿತರನ್ನು ಎಲ್ಲಿ ಬಿಟ್ಟಿರಿ ಎಂದು ಕೇಳಿದರೆ ಇದೇ ಸ್ಮಶಾನದ ಹೆಸರು ಹೇಳುತ್ತಾರೆ. ನಿಜವಾದ ದಾರಿ ಗುಡ್ಡದ ಅಂಚಿನ ಮೆಟ್ಟಿಲು ಹತ್ತಿ ಮೇಲಿನ ಊರಿಗೆ ಹೋಗುವುದು. ಬೆಂಕಿಯ ಪಕ್ಕದ ಯೋಧ ಅದನ್ನು ಹೇಳಿಯೂ ಇರುತ್ತಾನೆ: ಬಾರಿಸಬೇಕಾದ ಗಂಟೆಗಳೆರಡು, ಒಂದು ಮೇಲೆ, ಒಂದು ಕೆಳಗೆ. ಅವಸರದಲ್ಲಿ ಬಟನ್ ಒತ್ತಿ ಮಾತನ್ನು ದಾಟಿಸಿಬಿಟ್ಟರೆ ಹೋಯಿತು.

ಹೋರಾಟದ ಬಗೆಯೂ ಹಾಗೆಯೇ. ಪರದೆಯ ಮೂಲೆಯಲ್ಲೊಂದು ಹಸಿರು ಪಟ್ಟಿ, ಅದು ನಿಮ್ಮ ದಮ್ಮು. ಕತ್ತಿ ಬೀಸಿದರೆ ಇಳಿಯುತ್ತದೆ, ಉರುಳಿ ತಪ್ಪಿಸಿಕೊಂಡರೆ ಇಳಿಯುತ್ತದೆ, ಗುರಾಣಿಯಲ್ಲಿ ಏಟು ತಡೆದರೂ ಇಳಿಯುತ್ತದೆ. ಒಮ್ಮೆ ಕತ್ತಿ ಎತ್ತಿದಿರೋ, ಆ ಬೀಸು ಪೂರ್ತಿ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ಬಟನ್ನನ್ನು ಪಟಪಟ ಒತ್ತಿ ಅಭ್ಯಾಸವಿದ್ದವರಿಗೆ ಇದು ಮೈಮೇಲೆ ಕಲ್ಲು ಹೇರಿದಂತೆ ಅನಿಸುತ್ತದೆ, ಕಂಟ್ರೋಲರೇ ಕೆಟ್ಟಿದೆಯೋ ಎಂಬ ಅನುಮಾನ ಬರುತ್ತದೆ. ನಿಧಾನವಾಗಿ ಬೆರಳು ಸುಮ್ಮನಿರಲು ಕಲಿಯುತ್ತದೆ. ಎದುರಿನವನು ಭುಜ ಹಿಂದಕ್ಕೆಳೆದದ್ದು ಕಾಣುತ್ತದೆ, ಅವನ ಏಟು ಬಂದು ಹೋಗುವ ತನಕ ಕಾದು, ಒಂದೇ ಒಂದು ಸಲ ಬೀಸಿ, ಹಿಂದೆ ಸರಿಯುತ್ತೀರಿ. ನಿನ್ನೆ ಅಸಾಧ್ಯವಾಗಿದ್ದ ಓಣಿ ಇವತ್ತು ನಡೆದು ದಾಟುವ ಓಣಿಯಾಗಿರುತ್ತದೆ. ಈ ನಡುವೆ ನಿಮ್ಮ ಪಾತ್ರದ ಶಕ್ತಿ ಹೆಚ್ಚೇನೂ ಏರಿರುವುದಿಲ್ಲ. ಏರಿದ್ದು ನಿಮ್ಮ ಕೈ.

ನನಗೆ ಆ ಆಟ ಪೂರ್ತಿ ಒಲಿದದ್ದು ಒಂದು ಲಿಫ್ಟಿನಲ್ಲಿ. ಮೇಲಿನ ಊರಲ್ಲಿ ಬೆಂಕಿಬಾಂಬು ಎಸೆಯುವವರನ್ನು ದಾಟಿ, ಕೋಟೆಗೋಡೆಯ ಮೇಲೆ ಗೂಳಿಯಂಥ ರಾಕ್ಷಸನನ್ನು ದಾಟಿ, ಸೇತುವೆಯ ಮೇಲೆ ಬೆಂಕಿ ಉಗುಳುವ ಡ್ರ್ಯಾಗನ್ನಿನಿಂದ ತಪ್ಪಿಸಿಕೊಂಡು ಒಂದು ಹಳೆಯ ಚರ್ಚು ಸೇರುತ್ತೀರಿ. ಔಷಧದ ಬಾಟಲಿ ಖಾಲಿ, ಹಿಂದಿನ ಬೆಂಕಿ ದೂರ. ಚರ್ಚಿನ ಪಕ್ಕದಲ್ಲಿ ಒಂದು ಲಿಫ್ಟು. ಹತ್ತಿದರೆ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಈ ಆಟದ ಹೆಚ್ಚಿನ ಜಾಗಗಳಲ್ಲಿ ಹಿನ್ನೆಲೆ ಸಂಗೀತವಿಲ್ಲ, ನಿಮ್ಮ ಹೆಜ್ಜೆಯ ಸದ್ದಷ್ಟೇ. ಲಿಫ್ಟು ನಿಂತು ನಾಲ್ಕು ಹೆಜ್ಜೆ ಇಟ್ಟಾಗ ಮೆಲ್ಲಗೆ ಪರಿಚಿತ ರಾಗವೊಂದು ಕೇಳುತ್ತದೆ. ಹೊರಗೆ ಬಂದರೆ ಫೈರ್‌ಲಿಂಕ್! ಹೊರಟ ಜಾಗವೇ. ಅಷ್ಟು ಸುತ್ತಿ, ಅಷ್ಟು ಸಲ ಸತ್ತು ಏರಿದ ಎತ್ತರವೆಲ್ಲ ಈ ಬೆಂಕಿಯ ನೆತ್ತಿಯ ಮೇಲೇ ಇತ್ತೆಂದು ಆಗ ಹೊಳೆಯುತ್ತದೆ. ಮ್ಯಾಪ್ ಕೊಟ್ಟಿದ್ದರೆ ಈ ಕ್ಷಣವೇ ಇರುತ್ತಿರಲಿಲ್ಲ. ಮೊದಲ ದಿನ ಕೊರತೆಯಾಗಿ ಕಂಡದ್ದು ಬೇಕೆಂದೇ ಬಿಟ್ಟ ಜಾಗ ಎಂದು ತಿಳಿದ ಮೇಲೆ ನಾನು ಅದರ ಉಳಿದ ಕೊರತೆಗಳನ್ನೂ ಬೇರೆ ಕಣ್ಣಿನಿಂದ ನೋಡತೊಡಗಿದೆ.

ಮಿಯಾಝಾಕಿ ಚಿಕ್ಕಂದಿನಲ್ಲಿ ತಮಗೆ ಪೂರ್ತಿ ಅರ್ಥವಾಗದ ಪುಸ್ತಕಗಳನ್ನು ಓದುತ್ತ, ತಿಳಿಯದ ಭಾಗಗಳನ್ನು ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದರಂತೆ. ಅವರ ಆಟಗಳ ಕಥೆಯೂ ಉಂಗುರ, ಕತ್ತಿ, ಬಟ್ಟೆಗಳ ವಿವರಣೆಯಲ್ಲಿ ಚೂರುಚೂರಾಗಿ ಬಿದ್ದಿರುತ್ತದೆ. ಹೆಕ್ಕಿ ಜೋಡಿಸಿಕೊಳ್ಳುವವರಿಗೆ ಸಿಗುತ್ತದೆ. ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಹತ್ತಿರದ್ದು. ಒಮ್ಮೆ ಹಿಮ ಬಿದ್ದ ಏರಿನಲ್ಲಿ ಅವರ ಕಾರೂ ಮುಂದಿನ ಕಾರುಗಳೂ ಸಿಕ್ಕಿಬಿದ್ದವು. ಹಿಂದಿನವರು ತಳ್ಳಿ ತಳ್ಳಿ ಎಲ್ಲರೂ ಮೇಲೇರಿದರು. ನಿಂತು ಧನ್ಯವಾದ ಹೇಳಹೋದರೆ ಕಾರು ಮತ್ತೆ ಸಿಕ್ಕಿಬೀಳುತ್ತಿತ್ತು, ಹಾಗಾಗಿ ಯಾರು ಯಾರಿಗೆ ನೆರವಾದರೆಂದು ತಿಳಿಯದೆಯೇ ಚದುರಿದರು. ‘ಡೀಮನ್ಸ್ ಸೋಲ್ಸ್’ನಲ್ಲಿ ಅಪರಿಚಿತ ಆಟಗಾರರು ನೆಲದ ಮೇಲೆ ಒಬ್ಬರಿಗೊಬ್ಬರು ಸಂದೇಶ ಬರೆದಿಡುವ, ಕ್ಷಣಕಾಲ ಬಂದು ಜೊತೆಯಾಗಿ ಮಾಯವಾಗುವ ವ್ಯವಸ್ಥೆ ಹುಟ್ಟಿದ್ದು ಆ ರಸ್ತೆಯಲ್ಲಿ ಎಂದು ಅವರು ಹೇಳಿದ್ದಾರೆ. ಮೊದಲ ಸಂಜೆ ಕ್ರೂರವಾಗಿ, ಒಂಟಿಯಾಗಿ ಕಂಡ ಆಟದ ತಳದಲ್ಲಿ ಇಂಥದೊಂದು ನೆನಪಿದೆ. ಮೊದಲ ಸಂಜೆಗೇ ಎದ್ದುಹೋದವರಿಗೆ ಅದು ತಿಳಿಯುವುದಾದರೂ ಹೇಗೆ?

ಅಪರಿಚಿತರ ನೆರವಿನ ಮಾತು ಬಂದಿತಲ್ಲ, ಹಿದೆಯೊ ಕೊಜಿಮಾ ಅವರ ‘ಡೆತ್ ಸ್ಟ್ರ್ಯಾಂಡಿಂಗ್’ ಇದನ್ನೇ ಇನ್ನೂ ದೂರ ಒಯ್ದಿತು. 2019ರ ನವೆಂಬರಿನಲ್ಲಿ ಅದು ಬಂದಾಗ ವಿಮರ್ಶಕರೇ ಎರಡು ಪಾಳಯವಾದರು. ಶುರುವಿನಲ್ಲಿ ಮುಗಿಯದ ದೃಶ್ಯಾವಳಿ, ತಲೆಬುಡ ತಿಳಿಯದ ಹೆಸರುಗಳು. ಅದು ಮುಗಿದರೆ ಬರೀ ನಡಿಗೆ. ನೀವು ಸ್ಯಾಮ್ ಎಂಬ ಹೊರೆಯಾಳು, ಹಾಳುಬಿದ್ದ ಅಮೆರಿಕದಲ್ಲಿ ಊರಿಂದ ಊರಿಗೆ ಪೆಟ್ಟಿಗೆ ಹೊತ್ತು ಮುಟ್ಟಿಸಬೇಕು. ಕೊರಿಯರ್ ಕೆಲಸ ಮಾಡಲು ಗೇಮ್ ಯಾಕೆ ಬೇಕು ಎಂಬ ದೂರು ಅಂದೂ ಇತ್ತು, ಇಂದೂ ಇದೆ.

ಆದರೆ ಆ ನಡಿಗೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಬೆನ್ನ ಮೇಲೆ ಪೆಟ್ಟಿಗೆ ಪೇರಿಸಿದಷ್ಟೂ ಸ್ಯಾಮ್ ಓಲಾಡುತ್ತಾನೆ. ಕಂಟ್ರೋಲರಿನ ಹಿಂಬದಿಯ ಎರಡು ಬಟನ್‌ಗಳು ಅವನ ಎರಡು ಕೈ. ಎಡಕ್ಕೆ ವಾಲಿದರೆ ಬಲದ್ದು, ಬಲಕ್ಕೆ ವಾಲಿದರೆ ಎಡದ್ದು ಒತ್ತಿ ಸಮ ಮಾಡಬೇಕು. ತುಂಬಿದ ಕೊಡ ಸೊಂಟದಲ್ಲಿಟ್ಟು ಏರು ಹತ್ತಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ, ಒಂದೊಂದು ಕಲ್ಲನ್ನೂ ನೋಡಿ ಕಾಲಿಡಬೇಕು. ಹೊಳೆ ಎದುರಾದರೆ ಸ್ಕ್ಯಾನ್ ಮಾಡಿ ಆಳ ನೋಡಬೇಕು, ಕೆಂಪು ಕಂಡಲ್ಲಿ ಇಳಿದರೆ ಸೆಳೆತ ಕೊಚ್ಚಿಕೊಂಡು ಹೋಗುತ್ತದೆ, ಪೆಟ್ಟಿಗೆಗಳೆಲ್ಲ ತೇಲಿಹೋಗುತ್ತವೆ. ನಡಿಗೆಯೇ ಇಲ್ಲಿ ಆಟ. ಇದು ಮೈಗೆ ಇಳಿಯುವವರೆಗೆ ಬೇಸರ, ಇಳಿದ ಮೇಲೆ ಒಂದು ಗುಡ್ಡವನ್ನು ದೂರದಿಂದ ನೋಡಿ ಎಲ್ಲಿಂದ ಹತ್ತಲಿ ಎಂದು ಲೆಕ್ಕ ಹಾಕುವುದರಲ್ಲೇ ಗಂಟೆ ಕಳೆದುಹೋಗುತ್ತದೆ.

ಮೂರನೇ ಅಧ್ಯಾಯಕ್ಕೆ ಬಂದಾಗ ಆಟದ ಬಾಗಿಲು ಪೂರ್ತಿ ತೆರೆಯುತ್ತದೆ. ನೀವು ಹೊಳೆಗೆ ಹಾಕಿದ ಏಣಿ ಇನ್ನಾರದೋ ಆಟದಲ್ಲೂ ಕಾಣಿಸಿಕೊಳ್ಳುತ್ತದೆ, ಇನ್ನಾರೋ ಬಂಡೆಗೆ ಕಟ್ಟಿದ ಹಗ್ಗ ನಿಮ್ಮ ಇಳಿಜಾರಿನಲ್ಲಿರುತ್ತದೆ. ಲೋಹ, ಸೆರಾಮಿಕ್ ತಂದು ಸುರಿದರೆ ಹೆದ್ದಾರಿ ಒಂದೊಂದೇ ತುಂಡಾಗಿ ಎದ್ದು ನಿಲ್ಲುತ್ತದೆ. ಅದಕ್ಕೂ ಬೇರೆ ಬೇರೆ ಆಟಗಾರರು ತಮ್ಮ ಪಾಲು ಹಾಕಿರುತ್ತಾರೆ. ಯಾರ ಮುಖವೂ ಕಾಣುವುದಿಲ್ಲ, ಮೆಚ್ಚುಗೆಯ ಒಂದು ಲೈಕು ಕೊಡಬಹುದು, ಅಷ್ಟೇ. ಹೊರೆ ಹೊತ್ತು ಮೊಣಕಾಲು ಸೋತಾಗ ಎದುರಿಗೆ ಯಾರದೋ ಏಣಿ ಕಂಡರೆ ಆಗುವ ಸಮಾಧಾನ ದೊಡ್ಡದು, ಅದನ್ನು ಅನುಭವಿಸಲು ಮೊದಲು ಮೊಣಕಾಲು ಸೋತಿರಲೇಬೇಕು. ಆರಂಭದ ದೃಶ್ಯಗಳು ಇನ್ನೂ ಚಿಕ್ಕದಾಗಿದ್ದರೆ ಆಟಕ್ಕೇನೂ ನಷ್ಟವಿರಲಿಲ್ಲ ಎಂದು ಈಗಲೂ ಅನ್ನುತ್ತೇನೆ. ನಡಿಗೆ ಮಾತ್ರ ಅಷ್ಟೇ ಉದ್ದ ಇರಬೇಕಿತ್ತು.

ಇಲ್ಲಿ ಇನ್ನೊಂದು ಬಗೆಯನ್ನು ಬೇರೆ ಇಡಬೇಕು. 2016ರ ಆಗಸ್ಟಿನಲ್ಲಿ ಬಂದ ‘ನೋ ಮ್ಯಾನ್ಸ್ ಸ್ಕೈ’ ಕೂಡ ಮೊದಲಿಗೆ ನಿರಾಶೆ ತಂದು ಆಮೇಲೆ ಪ್ರೀತಿ ಗಳಿಸಿದ ಆಟ. ಆದರೆ ಅಲ್ಲಿ ಬದಲಾದದ್ದು ಆಟವೇ. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಹೆಲೋ ಗೇಮ್ಸ್ ಎಂಬ ಸಣ್ಣ ತಂಡ ಎಣಿಸಲಾಗದಷ್ಟು ಗ್ರಹಗಳ ಬ್ರಹ್ಮಾಂಡ ಕಟ್ಟಿತ್ತು. ಜನ ನಿರೀಕ್ಷಿಸಿದ್ದು, ಒಟ್ಟಿಗೆ ಆಡುವ ಅವಕಾಶವೂ ಸೇರಿ, ಬಹಳಷ್ಟು ಅದರಲ್ಲಿ ಇರಲೇ ಇಲ್ಲ. ಸಿಟ್ಟು ನ್ಯಾಯವಾದದ್ದೇ. ತಂಡದ ಮುಖ್ಯಸ್ಥ ಷಾನ್ ಮರ‍್ರೆ ಮಾತು ಕಡಿಮೆ ಮಾಡಿ ಕೆಲಸಕ್ಕೆ ಕೂತರು. 2018ರ ‘ನೆಕ್ಸ್ಟ್’ ಅಪ್‌ಡೇಟಿನಲ್ಲಿ ಜೊತೆಯಾಗಿ ಆಡುವುದು ಸರಿಯಾಗಿ ಬಂತು, ಆಮೇಲೂ ವರ್ಷಗಟ್ಟಲೆ ಒಂದಾದ ಮೇಲೊಂದು ದೊಡ್ಡ ಅಪ್‌ಡೇಟುಗಳನ್ನು ಕೊಟ್ಟರು, ಎಲ್ಲವೂ ಉಚಿತ. ಆ ಶ್ರಮಕ್ಕೆ ನನಗೆ ಗೌರವವಿದೆ. ಹಾಗೆಂದು ‘ಡಾರ್ಕ್ ಸೋಲ್ಸ್’ ಮತ್ತು ಇದನ್ನು ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಅರೆಬೆಂದ ಆಟವನ್ನು ಮಾರಿ, ತಾಳ್ಮೆ ಇರಲಿ ಎಂದು ಕೊಂಡವರಿಗೆ ಬುದ್ಧಿ ಹೇಳುವ ಚಾಳಿ ಈಗ ಹೆಚ್ಚಾಗಿದೆ. ಅಂಥಲ್ಲಿ ತಾಳ್ಮೆಯ ಸಾಲ ನಮ್ಮ ಮೇಲಿಲ್ಲ. ಆಟ ತಯಾರಾದ ಮೇಲೆ ಕೊಂಡರಾಯಿತು, ಬೆಲೆಯೂ ಇಳಿದಿರುತ್ತದೆ.

ಹಾಗಾದರೆ ಮೊದಲ ಸಂಜೆಯ ಬೇಸರದಲ್ಲಿ ಯಾವುದು ಯಾವ ಜಾತಿಯದು ಎಂದು ತಿಳಿಯುವುದು ಹೇಗೆ? ನಾನು ನೋಡುವುದು ಇಷ್ಟು: ಸೋತಾಗ ಯಾಕೆ ಸೋತೆ ಎಂಬುದು ತಿಳಿಯಿತೇ, ಮುಂದಿನ ಸಲ ಬೇರೇನಾದರೂ ಮಾಡಬಹುದು ಅನ್ನಿಸಿತೇ? ಅನ್ನಿಸಿದರೆ, ಎಷ್ಟೇ ಕಿರಿಕಿರಿಯಾಗಲಿ, ಆಟ ನಮ್ಮ ಜೊತೆ ಮಾತಾಡುತ್ತಿದೆ. ಮಾಡಿದ್ದನ್ನೇ ಮಾಡುತ್ತ ಅಂಕಿ ಮಾತ್ರ ಏರುತ್ತಿದ್ದರೆ, ಮುಂದೆ ಚೆನ್ನಾಗಿದೆ ಎಂದು ಯಾರೆಷ್ಟೇ ಆಣೆ ಮಾಡಿದರೂ ನಾನು ಎದ್ದುಬಿಡುತ್ತೇನೆ. ಮೊಬೈಲಿನ ಎಷ್ಟೋ ಉಚಿತ ಆಟಗಳ ನಡೆ ತಡವಾಗಿ ಒಗ್ಗುವ ಆಟಗಳಿಗೆ ಪೂರ್ತಿ ಉಲ್ಟಾ. ಮೊದಲ ಗಂಟೆಯಷ್ಟು ಸಿಹಿ ಅಲ್ಲಿ ಬೇರೆಲ್ಲೂ ಇಲ್ಲ. ನಾಣ್ಯದ ಮಳೆ, ದಿನಕ್ಕೊಂದು ಉಡುಗೊರೆ, ಮುಟ್ಟಿದ್ದೆಲ್ಲ ಗೆಲುವು. ಕೈ ಏನನ್ನೂ ಕಲಿತಿರುವುದಿಲ್ಲ. ರೂಢಿ ಹಿಡಿದ ಮೇಲೆ ಕಾಯಿಸುವುದು ಶುರು, ಕಾಯಲಾರದವರಿಂದ ದುಡ್ಡು ಕೀಳುವುದು ಶುರು. ಮಕ್ಕಳ ಕೈಗೆ ಫೋನು ಕೊಡುವ ಅಪ್ಪ ಅಮ್ಮಂದಿರು ಆಟ ಮೊದಲ ದಿನ ಹೇಗಿದೆ ಎಂದು ನೋಡುವುದಕ್ಕಿಂತ ಹದಿನೈದನೆಯ ದಿನ ಏನು ಕೇಳುತ್ತಿದೆ ಎಂದು ನೋಡುವುದು ಒಳ್ಳೆಯದು.

ಕಂಪ್ಯೂಟರಿನಲ್ಲಿ ಆಡುವವರಿಗೆ ಸ್ಟೀಮ್ ಅಂಗಡಿ 2015ರಿಂದ ಒಂದು ಸೌಲಭ್ಯ ಕೊಟ್ಟಿದೆ: ಕೊಂಡು ಹದಿನಾಲ್ಕು ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ, ಕಾರಣ ಏನೇ ಇರಲಿ, ಹಣ ವಾಪಸ್ಸು. ಕೊಳ್ಳುವವರಿಗೆ ಇದು ದೊಡ್ಡ ಅನುಕೂಲ, ಬೇಡವೆನ್ನಲಾರೆ. ಆದರೆ ಆ ಎರಡು ಗಂಟೆ ನಮ್ಮ ತೀರ್ಪಿನ ಗಡುವೂ ಆಗಿಬಿಟ್ಟಿದೆ. ಸೈಬರ್ ಸೆಂಟರಿನ ಗಡಿಯಾರ ಮನೆಗೇ ಬಂದು ಕೂತಿದೆ. ಯೊಶಿದಾ ಅವರೂ ಆಡಿದ್ದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಅವರು ಬದಿಗಿಟ್ಟ ಆಟದ ಧಾಟಿಯಲ್ಲೇ ಮಿಯಾಝಾಕಿ 2022ರಲ್ಲಿ ‘ಎಲ್ಡನ್ ರಿಂಗ್’ ತಂದಾಗ ಸುಮಾರು ಒಂದು ವರ್ಷದಲ್ಲಿ ಅದರ 2 ಕೋಟಿ ಪ್ರತಿಗಳು ಹೋದವು. ತಡವಾಗಿ ತೆರೆಯುವ ಆಟಗಳಿಗೆ ಕಾಯುವ ಜನ ಇದ್ದೇ ಇದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇತ್ತೀಚೆಗೆ ಬಂದ ಪತ್ರಗಳಲ್ಲಿ ‘ಔಟರ್ ವೈಲ್ಡ್ಸ್’ ಬಗ್ಗೆ ಕೇಳಿದವರು ಹೆಚ್ಚು, ಅವರಿಗೆ ಎರಡು ಮಾತು. 2019ರ ಆಟ, ಅಲೆಕ್ಸ್ ಬೀಚಮ್ ವಿದ್ಯಾರ್ಥಿಯಾಗಿದ್ದಾಗ ಪ್ರಬಂಧಕ್ಕಾಗಿ ಶುರು ಮಾಡಿದ್ದು. ಪುಟ್ಟ ಸೌರಮಂಡಲ, ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಸೂರ್ಯ ಸಿಡಿಯುತ್ತಾನೆ, ಮತ್ತೆ ಮೊದಲಿನಿಂದ. ನಿಮ್ಮ ನೌಕೆ ಬ್ರೇಕು ಹಾಕಿದಂತೆ ನಿಲ್ಲುವುದಿಲ್ಲ, ಹೊರಟ ದಿಕ್ಕಿಗೆ ಹೋಗುತ್ತಲೇ ಇರುತ್ತದೆ. ಅದಕ್ಕೇ ಎಲ್ಲರೂ ಮೊದಮೊದಲು ಗ್ರಹಗಳಿಗೆ ಅಪ್ಪಳಿಸುವುದು. ಎದುರಿನ ಗ್ರಹದ ವೇಗಕ್ಕೆ ನೌಕೆಯ ವೇಗ ಹೊಂದಿಸುವ ಬಟನ್ ಒಂದಿದೆ, ಅದನ್ನು ಮೊದಲು ರೂಢಿ ಮಾಡಿಕೊಳ್ಳಿ. ಆಟೊಪೈಲಟ್ ಹಾಕುವ ಮೊದಲು ದಾರಿಯ ನಡುವೆ ಸೂರ್ಯ ಇಲ್ಲವೇ ಎಂದು ನೋಡಿ. ಈ ಆಟದಲ್ಲಿ ಹೊಸ ಆಯುಧ, ಹೊಸ ಶಕ್ತಿ ಯಾವುದೂ ಸಿಗುವುದಿಲ್ಲ, ಒಂದು ಸುತ್ತಿನಿಂದ ಇನ್ನೊಂದಕ್ಕೆ ಉಳಿಯುವುದು ನಿಮಗೆ ತಿಳಿದದ್ದಷ್ಟೇ. ನೌಕೆಯ ಹಿಂಭಾಗದಲ್ಲಿ ಒಂದು ಕಂಪ್ಯೂಟರ್ ಇದೆ, ಕಂಡುಹಿಡಿದದ್ದೆಲ್ಲ ಅಲ್ಲಿ ದಾರದಲ್ಲಿ ಪೋಣಿಸಿದ ಹಾಗೆ ದಾಖಲಾಗಿರುತ್ತದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಿಟ್ಟವರು ಅದನ್ನೊಮ್ಮೆ ತೆರೆದು, ಇನ್ನೂ ನೋಡುವುದು ಬಾಕಿ ಇದೆ ಎಂದು ಅದು ಸೂಚಿಸುವ ಒಂದು ಜಾಗ ಆರಿಸಿಕೊಂಡು ಹೊರಡಿ. ಯೂಟ್ಯೂಬಿನಲ್ಲಿ ಉತ್ತರ ಹುಡುಕಬೇಡಿ. ಸಿಕ್ಕಿಹಾಕಿಕೊಂಡರೆ ನನಗೆ ಬರೆಯಿರಿ, ಉತ್ತರ ಹೇಳದೆ ಯಾವ ಗ್ರಹದ ಕಡೆ ನೋಡಬೇಕೆಂದಷ್ಟೇ ಹೇಳುತ್ತೇನೆ.